ಬೇಸಿಗೆಲಿ ಜೇನುಪೆಟ್ಟಿಗೆ ಕಾದಾಗ: ಮುಚ್ಚಳಕ್ಕೆ ಕೈ ಹಾಕೋ ಮೊದಲು ತಪ್ಪು ಎಲ್ಲಿದೆ ಹುಡುಕೋದು

ಪೆಟ್ಟಿಗೆ ಬಾಗಿಲಲ್ಲಿ ನೊಣ ಗೊಂಚಲು ಕಟ್ಕೊಂಡು ನೇತಾಡ್ತಿರೋದು ನೋಡಿದ ತಕ್ಷಣ ಅಯ್ಯೋ ಸೆಕೆಗೆ ಸಾಯ್ತಿದಾವೆ ಅಂತ ಓಡಿಹೋಗಿ ಮುಚ್ಚಳ ಎತ್ತಿ ಕಡ್ಡಿ ಕೊಟ್ಟು ಗಾಳಿ ಬಿಡೋದು ಇದ್ಯಲ್ಲ, ಅದನ್ನ ನಾನೂ ಮಾಡಿದೀನಿ. ಮೊದಲನೇ ವರ್ಷ. ಎರಡು ಕಡೆ ಕಡ್ಡಿ ಇಟ್ಟು ಬೆರಳು ತೂರೋಷ್ಟು ಸಂದಿ ಬಿಟ್ಟೆ, ಒಳ್ಳೆ ಕೆಲಸ ಆಯ್ತು ಅನ್ಕೊಂಡೆ, ಮೂರನೇ ದಿನಕ್ಕೆ ಆ ಸಂದಿಲಿ ಇರುವೆ ಸಾಲು ಹೋಗಿತ್ತು, ಪಕ್ಕದ ಪೆಟ್ಟಿಗೆ ನೊಣಗಳು ಅದೇ ಸಂದಿಯಿಂದ ನುಗ್ಗಿ ಜೇನು ಕದಿಯೋಕೆ ಶುರು ಮಾಡಿದ್ವು, ವಾರದೊಳಗೆ ಕುಟುಂಬ ಖಾಲಿ. ಅಸಲಿಗೆ ಆ ಪೆಟ್ಟಿಗೇಲಿ ಗಾಳಿ ಕಮ್ಮಿ ಇರ್ಲೇ ಇಲ್ಲ. ಮಧ್ಯಾಹ್ನ ಎರಡು ಗಂಟೆ ಬಿಸಿಲು ನೆಟ್ಟಗೆ ತಗಡಿನ ಮುಚ್ಚಳದ ಮೇಲೆ ಬೀಳ್ತಿತ್ತು, ನಾನಿಟ್ಟಿದ್ದ ನೀರಿನ ತಟ್ಟೆ ಹನ್ನೊಂದಕ್ಕೇ ಒಣಗಿ ಹೋಗ್ತಿತ್ತು. ಎರಡೂ ನನ್ನ ಕಣ್ಣಿಗೆ ಬಿದ್ದಿರ್ಲಿಲ್ಲ, ಯಾಕಂದ್ರೆ ನಾನು ಪೆಟ್ಟಿಗೆ ಹತ್ರ ಹೋಗ್ತಿದ್ದದ್ದು ಬೆಳಿಗ್ಗೆ ಮತ್ತೆ ಸಂಜೆ ಮಾತ್ರ.

ಹಾಗಾಗಿ ಇಲ್ಲಿ ಬರೆದಿರೋದು ಲಕ್ಷಣ ನೋಡಿ ಕಾರಣಕ್ಕೆ ಹೋಗೋ ದಾರಿ. ಹೊರಗಿಂದ ಕಾಣೋದು ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ, ಒಳಗಿನ ಕಾರಣ ಬೇರೆ ಬೇರೆ.

ಒಳಗಿನ ಲೆಕ್ಕ

ಮರಿ ಇರೋ ರೊಟ್ಟುಗಳ (ಮೇಣದ ಕೋಶಗಳ ಹಲ್ಲೆ) ಮಧ್ಯೆ ನೊಣಗಳು 34ರಿಂದ 36 ಡಿಗ್ರಿ ಸೆಲ್ಸಿಯಸ್ ಕಾಯ್ಕೊಳ್ತವೆ, ಚಳಿಲೂ ಅಷ್ಟೇ ಬೇಸಿಗೆಲೂ ಅಷ್ಟೇ. ಅದು 37 ದಾಟಿ ಹಾಗೇ ನಿಂತ್ರೆ ಕೋಶದೊಳಗಿನ ಮರಿಗೆ ಪೆಟ್ಟು, ರೆಕ್ಕೆ ಮುದುರಿದ ನೊಣ ಹುಟ್ಟುತ್ತೆ, ಜಾಸ್ತಿ ಆದ್ರೆ ಅಲ್ಲೇ ಸಾಯುತ್ತೆ. ಬೆಳೆದ ನೊಣಗಳು ಗಟ್ಟಿ, ತುಡುವೆಯ (ಪೆಟ್ಟಿಗೇಲಿ ಸಾಕೋ ನಮ್ಮ ನಾಡಿನ ಜೇನು) ಜಪಾನಿ ತಳಿ ದೊಡ್ಡ ಕಣಜಾನ ಉಂಡೆ ಥರ ಸುತ್ತಿಕೊಂಡು 46 ಡಿಗ್ರಿವರೆಗೂ ಬಿಸಿ ಏರಿಸಿ ಅದನ್ನ ಸಾಯಿಸಿ ತಾವು ಬದುಕ್ಕೊಳ್ತವೆ. ಅಂದ್ರೆ ಬಾಗಿಲಲ್ಲಿ ಕೂತಿರೋ ನೊಣದ ಬಗ್ಗೆ ಅಷ್ಟು ಕನಿಕರ ಬೇಡ, ಚಿಂತೆ ಮಾಡಬೇಕಾದ್ದು ಮರಿ ಮತ್ತು ಮೇಣದ ಬಗ್ಗೆ. ಮೇಣ ಪೂರ್ತಿ ಕರಗೋಕೆ 62-64 ಡಿಗ್ರಿ ಬೇಕು, ಆದ್ರೆ 40 ದಾಟಿದ ಮೇಲೆ ಮೆತ್ತಗಾಗ್ತಾ ಹೋಗುತ್ತೆ, ಅದಕ್ಕೆ ಜೇನಿನ ಭಾರ ಸೇರಿದ್ರೆ ಕರಗೋ ಮೊದಲೇ ಜಾರಿ ಬೀಳುತ್ತೆ.

ತಣ್ಣಗೆ ಮಾಡೋ ಕೆಲಸ ಅವುಗಳದ್ದೇ. ಸಾಲಾಗಿ ನಿಂತು ರೆಕ್ಕೆ ಬೀಸ್ತವೆ, ನೀರು ತಂದು ಕೋಶದ ಅಂಚಿಗೆ ತೆಳ್ಳಗೆ ಸವರ್ತವೆ, ಕೆಲವು ನಾಲಿಗೆ ಮೇಲೆ ನೀರು ಚಾಚಿ ಎಳ್ಕೊಂಡು ಆವಿ ಮಾಡ್ತವೆ, ಇನ್ನು ಉಳಿದೋರು ಜಾಗ ಖಾಲಿ ಮಾಡಿ ಹೊರಗೆ ಬಂದು ಕೂರ್ತಾರೆ. ಒಂದು ಗ್ರಾಂ ನೀರು ಆವಿಯಾಗೋವಾಗ 580 ಕ್ಯಾಲೊರಿ ಹತ್ರ ಶಾಖ ಎಳ್ಕೊಂಡು ಹೋಗುತ್ತೆ, ಇದಕ್ಕಿಂತ ಒಳ್ಳೆ ಕೂಲರ್ ಬೇಕಾ? 1950ರ ದಶಕದಲ್ಲಿ ಮಾರ್ಟಿನ್ ಲಿಂಡಾವರ್ ಅನ್ನೋ ಜರ್ಮನ್ ವಿಜ್ಞಾನಿ ಇಟಲಿಯ ಲಾವಾ ಬಂಡೆ ಮೇಲೆ ಸುಡುಬಿಸಿಲಲ್ಲಿ ಪೆಟ್ಟಿಗೆ ಇಟ್ಟು ನೋಡಿದ, ನೀರು ಸಿಗ್ತಿದ್ದಷ್ಟು ಹೊತ್ತೂ ಒಳಗೆ 35 ಡಿಗ್ರಿ ಆಸುಪಾಸಲ್ಲೇ ಇತ್ತು. ನೀರು ಸಿಗ್ತಿದ್ದಷ್ಟು ಹೊತ್ತು ಅನ್ನೋದೇ ಇಲ್ಲಿ ಮುಖ್ಯ.

ಹಾಗಾಗಿ ಪೆಟ್ಟಿಗೆ ಕಾಯ್ತಿದೆ ಅಂದ್ರೆ ತಪ್ಪು ನಾಲ್ಕರಲ್ಲಿ ಒಂದು: ಹೊರಗಿಂದ ಶಾಖ ಜಾಸ್ತಿ ನುಗ್ತಿದೆ, ನೀರು ಸಾಲ್ತಿಲ್ಲ, ಕೆಲಸಕ್ಕೆ ನೊಣ ಸಾಲ್ತಿಲ್ಲ (ಅಥವಾ ಒಳಗೆ ಜಾಗ ಸಾಲ್ದಷ್ಟು ಜಾಸ್ತಿ ಇದಾವೆ), ಇಲ್ಲಾ ಗಾಳಿ ದಾರಿ ಮುಚ್ಚಿದೆ. ನಾನು ನೋಡಿದ ಮಟ್ಟಿಗೆ ಗಾಳಿದು ಯಾವಾಗ್ಲೂ ಕೊನೇ ಸ್ಥಾನ. ಜನ ಮೊದಲು ಕೈ ಹಾಕೋದು ಮಾತ್ರ ಅದಕ್ಕೇ.

ಮೂರು ರೀಡಿಂಗ್

ಉದ್ದ ವೈರ್ ಇರೋ ಡಿಜಿಟಲ್ ಥರ್ಮಾಮೀಟರ್ ಒಂದಿದ್ರೆ ಅರ್ಧ ಗೊಂದಲ ಮುಗೀತು. ಬೆಳಿಗ್ಗೆ ತಂಪಿರೋವಾಗ ಒಮ್ಮೆ ತೆಗೆದು, ಮರಿ ಇರೋ ಎರಡು ಫ್ರೇಮ್ (ರೊಟ್ಟು ಕಟ್ಟೋ ಮರದ ಚೌಕಟ್ಟು) ಮಧ್ಯೆ ವೈರ್ ತುದಿ ಇಳಿಬಿಟ್ಟು ಮುಚ್ಚಿಬಿಡಿ, ಮತ್ತೆ ಮುಟ್ಬೇಡಿ. ಆಮೇಲೆ ಮಧ್ಯಾಹ್ನ ಎರಡರಿಂದ ಮೂರರೊಳಗೆ ಮೂರು ಕಡೆ ಓದ್ಕೊಳ್ಳಿ: ಹತ್ತಿರದ ನೆರಳಲ್ಲಿ ಗಾಳಿ ಎಷ್ಟಿದೆ, ಮೇಲ್ಮುಚ್ಚಳ ಮತ್ತು ಒಳಮುಚ್ಚಳದ ನಡುವೆ ಎಷ್ಟಿದೆ, ಮರಿ ಮಧ್ಯೆ ಎಷ್ಟಿದೆ.

ಮುಚ್ಚಳದ ಕೆಳಗಿಂದು ನೆರಳಿಗಿಂತ ಎಂಟು ಹತ್ತು ಡಿಗ್ರಿ ಮೇಲಿದ್ರೆ ನಿಮ್ಮ ತಪ್ಪು ಬಿಸಿಲು, ಬೇರೆ ಏನೂ ಹುಡುಕ್ಬೇಡಿ, ಮೊದಲು ನೆರಳು ಮಾಡಿ. ಮುಚ್ಚಳದ ಕೆಳಗೆ ನೆರಳಿನಷ್ಟೇ ಇದ್ದು ಮರಿ ಮಧ್ಯೆ 36 ದಾಟಿ ಏರ್ತಾನೇ ಇದ್ರೆ ನೊಣಗಳ ಕೈಲಿ ಆಗ್ತಿಲ್ಲ ಅಂತ, ಆಗ ನೀರು ನೋಡಿ, ಜನಸಂಖ್ಯೆ ನೋಡಿ. ಹೊರಗೆ 41 ಇದ್ದು ಬಾಗಿಲಲ್ಲಿ ಮೊಳದುದ್ದ ಗೊಂಚಲಿದ್ದು ಮರಿ ಮಧ್ಯೆ 35 ತೋರಿಸ್ತಿದ್ರೆ? ಏನೂ ಮಾಡ್ಬೇಡಿ, ಎಲ್ಲಾ ಸರಿಯಿದೆ. ಇನ್ನು ಮರಿ ಮಧ್ಯೆ ಅಂದ್ಕೊಂಡ ಜಾಗದ ಓದು ಹೊರಗಿನ ಗಾಳಿ ಜೊತೆಗೇ ಏರಿಳಿತಾ ಇದ್ರೆ ಅಲ್ಲಿ ಮರೀನೇ ಇಲ್ಲ ಅನ್ನಿಸುತ್ತೆ, ಅದು ಸೆಕೆಯ ಸಮಸ್ಯೆ ಅಲ್ಲ, ರಾಣಿ ಇದಾಳಾ ಮೊಟ್ಟೆ ಇಡ್ತಿದಾಳಾ ಅಂತ ನೋಡ್ಬೇಕು.

ಥರ್ಮಾಮೀಟರ್ ಇಲ್ವಾ, ಎರಡು ಗಂಟೆಗೆ ಹೋಗಿ ಮುಚ್ಚಳದ ಮೇಲೆ ಅಂಗೈ ಇಡಿ. ಹತ್ತು ಎಣಿಸೋವರೆಗೆ ಕೈ ಇಡೋಕಾಗಲ್ಲ ಅಂದ್ರೆ ಉತ್ತರ ಸಿಕ್ತು.

ಲಕ್ಷಣ: ಬಾಗಿಲಲ್ಲಿ ಗಡ್ಡ ಬಿಟ್ಟಿದೆ

ಬಾಗಿಲಲ್ಲಿ ನೊಣ ಗೊಂಚಲಾಗಿ ನೇತಾಡೋದಕ್ಕೇ ಗಡ್ಡ ಅನ್ನೋದು. ಇದೊಂದೇ ಲಕ್ಷಣಕ್ಕೆ ಕನಿಷ್ಠ ನಾಲ್ಕು ಅರ್ಥ ಇದೆ, ತಾಳ್ಮೆಯಿಂದ ಒಂದು ದಿನ ಪೂರ್ತಿ ನೋಡ್ಬೇಕು.

ಸೆಕೆಗೆ ಬಿಟ್ಟ ಗಡ್ಡ ಮಧ್ಯಾಹ್ನ ಶುರುವಾಗಿ ಸಂಜೆ ದೊಡ್ಡದಾಗಿ ಬೆಳಗಿನ ಜಾವಕ್ಕೆ ಕರಗಿ ಒಳಗೆ ಹೋಗಿರುತ್ತೆ, ಪಕ್ಕದಲ್ಲೇ ಒಂದಷ್ಟು ನೊಣ ಕಾಲೂರಿ ರೆಕ್ಕೆ ಬೀಸ್ತಿರುತ್ತೆ, ಗಲಾಟೆ ಇಲ್ಲ. ಬೆಳಿಗ್ಗೆ ತಂಪಿನ ಹೊತ್ತಲ್ಲೂ ಗಡ್ಡ ಹಾಗೇ ಇದೆ ಅಂದ್ರೆ ಒಳಗೆ ಜಾಗ ಇಲ್ಲ, ಸೂಪರ್ (ಜೇನು ತುಂಬೋಕೆ ಮೇಲೆ ಕೂರಿಸೋ ಜೇನುಕೋಣೆ) ಹಾಕೋಕೆ ತಡ ಮಾಡಿದೀರ. ಹೂವು ಜೋರಾಗಿದ್ದು ಗಂಡು ನೊಣ ಜಾಸ್ತಿ ಕಾಣ್ತಿದ್ದು ಬೆಳಿಗ್ಗೆ ಹತ್ತರ ಹೊತ್ತಲ್ಲೂ ನೊಣ ಕೆಲಸಕ್ಕೆ ಹೋಗದೆ ಗೊಂಚಲಲ್ಲೇ ಸೋಮಾರಿ ಥರ ಕೂತಿದ್ರೆ ಅದು ಪಾಲಾಗೋ (ಹಳೇ ರಾಣಿ ಒಂದಷ್ಟು ನೊಣ ಕರ್ಕೊಂಡು ಬೇರೆ ಹೋಗೋ) ತಯಾರಿ ಇರಬಹುದು, ರೊಟ್ಟಿನ ಕೆಳ ಅಂಚಲ್ಲಿ ನೆಲಗಡಲೆ ಕಾಯಿ ಥರ ನೇತಾಡೋ ರಾಣಿ ಕೋಶ ಇದ್ಯಾ ನೋಡಿ. ಅದರ ಬಾಯಿ ಮುಚ್ಚಿದ್ರೆ ಹಳೇ ರಾಣಿ ಹೊರಡೋಕೆ ಹೆಚ್ಚು ದಿನ ಇಲ್ಲ, ನೆರಳು ನೀರು ಎಷ್ಟು ಕೊಟ್ರೂ ಅದು ನಿಲ್ಲಲ್ಲ.

ನಾಲ್ಕನೇದು ಕಳ್ಳತನ. ಹೂವಿಲ್ಲದ ಬೇಸಿಗೆಲಿ ಇದು ಸಾಮಾನ್ಯ. ಇಲ್ಲಿ ನೊಣ ಶಾಂತವಾಗಿ ಕೂತಿರಲ್ಲ, ಬಾಗಿಲಲ್ಲಿ ಕುಸ್ತಿ ನಡೀತಿರುತ್ತೆ, ಉರುಳಾಡ್ತಾ ನೆಲಕ್ಕೆ ಬೀಳ್ತವೆ, ಕೆಲವು ಬಾಗಿಲು ಬಿಟ್ಟು ಪೆಟ್ಟಿಗೆ ಮೂಲೆ ಸಂದಿ ಮೂಸ್ತಾ ಹಾರಾಡ್ತವೆ. ಬಾಗಿಲು ಎರಡು ನೊಣ ಹೋಗೋಷ್ಟಕ್ಕೆ ಕಿರಿದು ಮಾಡ್ಬೇಕು, ಆದ್ರೆ ಸೆಕೆಲಿ ಬಾಗಿಲು ಮುಚ್ಚೋದು ಹೇಗೆ ಅನ್ನೋ ಪೇಚು, ಅದಕ್ಕೆ ಮರದ ಪಟ್ಟಿ ಬದಲು ನೊಣ ತೂರದಷ್ಟು ಸಣ್ಣ ಕಣ್ಣಿನ ತಂತಿ ಜಾಲರಿ ಕೊಡಿ, ಗಾಳಿ ಹೋಗುತ್ತೆ ಕಳ್ಳರು ಹೋಗಲ್ಲ.

ಅಂದಹಾಗೆ ಮಧ್ಯಾಹ್ನ ಒಂದು ಹದಿನೈದು ಇಪ್ಪತ್ತು ನಿಮಿಷ ಪೆಟ್ಟಿಗೆ ಕಡೆ ಮುಖ ಮಾಡಿ ಗುಂಪಾಗಿ ಎಂಟರ (8) ಆಕಾರದಲ್ಲಿ ಸುತ್ತು ಹಾಕೋದು ಎಳೇ ನೊಣಗಳು ಮನೆ ಗುರುತು ಹಿಡಿಯೋ ಆಟ. ಅದನ್ನ ನೋಡಿ ಹೆದರಿ ನೀರು ಚಿಮುಕಿಸೋರಿದಾರೆ.

ಬಿಸಿಲೇ ತಪ್ಪು ಅಂತಾದ್ರೆ

ಮಧ್ಯಾಹ್ನ ಹನ್ನೆರಡರಿಂದ ಸಂಜೆ ನಾಲ್ಕರವರೆಗಿನ ಬಿಸಿಲು ತಡೆದ್ರೆ ಸಾಕು, ಬೆಳಗಿನ ಎಳೆ ಬಿಸಿಲು ಬೀಳ್ಲಿ. ಬಹಳ ಜನ ನೆರಳಿಗೆ ಅಂತ ಪೆಟ್ಟಿಗೇನೇ ಎತ್ತಿ ಹತ್ತು ಮಾರು ಆಚೆ ಮರದ ಕೆಳಗೆ ಇಟ್ಬಿಡ್ತಾರೆ, ಹೊರಗೆ ಹೋದ ನೊಣ ಹಳೇ ಜಾಗಕ್ಕೇ ವಾಪಸ್ ಬಂದು ಗಾಳಿಲಿ ಸುತ್ತಿ ಸುತ್ತಿ ಸಾಯ್ತವೆ. ಸರಿಸಲೇಬೇಕು ಅಂದ್ರೆ ದಿನಕ್ಕೆ ಎರಡು ಮೂರು ಅಡಿ ಸರಿಸ್ತಾ ಹೋಗಿ. ಅದಕ್ಕಿಂತ ಸುಲಭ ನೆರಳನ್ನೇ ಪೆಟ್ಟಿಗೆ ಹತ್ರ ತರೋದು.

ನನಗೆ ಕೆಲಸಕ್ಕೆ ಬಂದಿದ್ದು ಎರಡನೇ ಚಾವಣಿ. ಮೇಲ್ಮುಚ್ಚಳದ ನಾಲ್ಕು ಮೂಲೆಗೆ ಎರಡಿಂಚು ಎತ್ತರದ ತುಂಡು ಕಟ್ಟಿಗೆ ಇಟ್ಟು ಅದರ ಮೇಲೆ ಪೆಟ್ಟಿಗೆಗಿಂತ ಎಲ್ಲಾ ಕಡೆ ಒಂದಡಿ ಜಾಸ್ತಿ ಚಾಚೋ ಹಾಗೆ ಪ್ಲೈವುಡ್ಡೋ ಹುಲ್ಲಿನ ತಟ್ಟಿಯೋ ಹಾಕಿ ಮೇಲೊಂದು ಕಲ್ಲು. ಬಿಸಿಲಿನ ಶಾಖ ಮೇಲಿನ ಹಲಗೆಗೆ, ಮಧ್ಯದ ಗಾಳಿ ಸಂದಿ ಅದನ್ನ ಹೊತ್ಕೊಂಡು ಹೋಗುತ್ತೆ, ಮುಚ್ಚಳ ಬೆಚ್ಚಗೆ ಮಾತ್ರ ಇರುತ್ತೆ. ತಗಡಿನ ಮುಚ್ಚಳ ಇದ್ರೆ ಒಳಗಡೆ ಥರ್ಮಾಕೋಲ್ ಹಾಳೆ ಅಂಟಿಸಿ, ಆದ್ರೆ ನೊಣ ಇರುವೆ ಎರಡೂ ಅದನ್ನ ಕೊರೀತವೆ, ಮೇಲೊಂದು ತೆಳು ಹಲಗೆ ಮುಚ್ಚಿ. ಹೊರಗೆ ಬಿಳಿ ಬಣ್ಣ ಹೊಡೆದ್ರೆ ವ್ಯತ್ಯಾಸ ಕೈಗೇ ಗೊತ್ತಾಗುತ್ತೆ. ಸಿಮೆಂಟ್ ನೆಲ, ಬಿಳಿ ಗೋಡೆ ಪಕ್ಕ ಇಟ್ಟಿದ್ರೆ ಅಲ್ಲಿಂದ ಹೊಡೆಯೋ ಕಾವನ್ನೂ ಲೆಕ್ಕಕ್ಕೆ ತಗೊಳ್ಳಿ, ಮೇಲೆ ನೆರಳಿದ್ರೂ ಪಕ್ಕದಿಂದ ಬೇಯ್ತಿರುತ್ತೆ.

ಒದ್ದೆ ಗೋಣಿಚೀಲ ಹೊದಿಸೋದು ಒಣ ಹವೆ ಇರೋ ಕಡೆ ಚೆನ್ನಾಗಿ ಕೆಲಸ ಮಾಡುತ್ತೆ. ಗಾಳಿಲಿ ಮೊದಲೇ ತೇವ ತುಂಬ್ಕೊಂಡಿದ್ರೆ ಗೋಣಿಯ ನೀರು ಆವಿ ಆಗಲ್ಲ, ಒಳಗೆ ನೊಣ ಸವರಿದ ನೀರೂ ನಿಧಾನಕ್ಕೆ ಆವಿ ಆಗೋದು, ಅಂಥ ಕಡೆ ಗೋಣಿ ಒದ್ದೆ ಮಾಡೋ ಶ್ರಮ ಬಿಟ್ಟು ನೆರಳು ಮತ್ತೆ ಗಾಳಿ ಆಡೋ ಜಾಗದ ಮೇಲೆ ಗಮನ ಕೊಡಿ. ಗೋಣಿ ಹಾಕಿದ್ರೂ ಬಾಗಿಲ ಮೇಲೆ ಇಳಿಬೀಳದ ಹಾಗೆ ನೋಡ್ಕೊಳ್ಳಿ.

ನೀರು ಸಾಲ್ತಿದ್ಯಾ

ನೊಣ ಒಂದು ಸಲಕ್ಕೆ ಹೊರೋದು ಹೆಚ್ಚಂದ್ರೆ 40-50 ಮಿಲಿಗ್ರಾಂ ನೀರು. ಬಲವಾದ ಕುಟುಂಬ ಸುಡು ಬೇಸಿಗೆಲಿ ದಿನಕ್ಕೆ ಒಂದು ಲೀಟರ್ ತನಕ ತರುತ್ತೆ ಅಂದ್ರೆ ಇಪ್ಪತ್ತು ಇಪ್ಪತ್ತೈದು ಸಾವಿರ ಟ್ರಿಪ್ ಆಯ್ತು. ಅರ್ಧ ಕಿಲೋಮೀಟರ್ ದೂರದ ಕೆರೆಗೂ ಇಪ್ಪತ್ತಡಿ ದೂರದ ತೊಟ್ಟಿಗೂ ಇರೋ ವ್ಯತ್ಯಾಸ ಅಲ್ಲೇ ಗೊತ್ತಾಗುತ್ತೆ. ಒಳಗೆ ಬಿಸಿ ಏರಿದಾಗ ನೀರು ತಂದವಳನ್ನ ಬಾಗಿಲಲ್ಲೇ ನಾಕು ಜನ ಬಂದು ಇಳಿಸ್ಕೊಳ್ತಾರೆ, ಅವಳು ಮತ್ತೆ ಓಡ್ತಾಳೆ, ಬೇಡದಾಗ ಯಾರೂ ಕೇಳಲ್ಲ, ಕಾದು ಕಾದು ಬೇಜಾರಾಗಿ ನಿಲ್ಲಿಸ್ತಾಳೆ. ಇಷ್ಟು ಚಂದದ ವ್ಯವಸ್ಥೆಗೆ ನಾವು ಮಾಡಬೇಕಾದ್ದು ತಟ್ಟೆ ಒಣಗದ ಹಾಗೆ ನೋಡ್ಕೊಳ್ಳೋದೊಂದೇ.

ಕೊರತೆ ಇದೆ ಅಂತ ಹೇಗೆ ಗೊತ್ತಾಗುತ್ತೆ? ಮಧ್ಯಾಹ್ನ ಕಾಲಲ್ಲಿ ಪರಾಗ ಇಲ್ಲದೆ ಬರೋ ನೊಣಗಳೇ ಜಾಸ್ತಿ, ನಲ್ಲಿ ಬಚ್ಚಲು ಒದ್ದೆ ಬಟ್ಟೆ ಎಲ್ಲಾ ಕಡೆ ನೊಣ, ಅಕ್ಕಪಕ್ಕದೋರ ದೂರು. ಒಮ್ಮೆ ಅವು ಪಕ್ಕದ ಮನೆ ತೊಟ್ಟಿ ಕಲಿತ್ರೆ ಬಿಡಿಸೋದು ಕಷ್ಟ, ಆ ತೊಟ್ಟಿ ಬತ್ತೋ ತನಕ ಅಲ್ಲಿಗೇ ಹೋಗ್ತವೆ, ಹಾಗಾಗಿ ಬೇಸಿಗೆ ಶುರುವಾಗೋ ಮೊದಲೇ ನೀರಿಡ್ಬೇಕು. ಅಗಲದ ಪಾತ್ರೆ, ಒಳಗೆ ಬೆಣಚುಕಲ್ಲು ಅಥವಾ ತೇಲೋ ಕಡ್ಡಿ, ಇಲ್ಲದಿದ್ರೆ ಕುಡಿಯೋಕೆ ಬಂದೋವು ಮುಳುಗ್ತವೆ. ಪೆಟ್ಟಿಗೆ ಬಾಗಿಲ ಎದುರಿಗೇ ಬೇಡ, ಹಿಕ್ಕೆ ಬಿದ್ದು ಗಲೀಜಾಗುತ್ತೆ, ಹತ್ತಿಪ್ಪತ್ತು ಅಡಿ ಆಚೆ ನೆರಳಲ್ಲಿ ಇಡಿ. ಸ್ವಚ್ಛ ನೀರಿಗಿಂತ ಸ್ವಲ್ಪ ಪಾಚಿ ವಾಸನೆ, ಉಪ್ಪಿನಂಶ ಇರೋದೇ ಅವಕ್ಕೆ ಇಷ್ಟ, ಮೊದಲೆರಡು ದಿನ ಒಂದು ಚಿಟಿಕೆ ಉಪ್ಪು ಹಾಕಿ ಅಭ್ಯಾಸ ಮಾಡಿಸಬಹುದು. ಸಕ್ಕರೆ ಹಾಕೋ ಆಸೆ ಬೇಡ, ಕಳ್ಳತನಕ್ಕೆ ಕರೆದ ಹಾಗೆ.

ಮುಖ್ಯವಾದ ಪರೀಕ್ಷೆ ಇಷ್ಟೇ: ಬೆಳಿಗ್ಗೆ ತುಂಬಿಸಿ, ಮಧ್ಯಾಹ್ನ ಎರಡಕ್ಕೆ ಹೋಗಿ ನೋಡಿ. ಖಾಲಿ ಆಗಿದ್ರೆ ಪಾತ್ರೆ ದೊಡ್ಡದು ಮಾಡಿ. ಒಂದು ದಿನ ತಪ್ಪಿದ್ರೂ ಅವು ಬೇರೆ ಜಾಗ ಹುಡುಕ್ಕೊಳ್ತವೆ.

ಗಾಳಿ ಬಗ್ಗೆ

ತುಡುವೆ ಬಾಗಿಲಲ್ಲಿ ತಲೆ ಹೊರಗೆ ಬಾಲ ಒಳಗೆ ಮಾಡಿ ನಿಂತು ಗಾಳೀನ ಒಳಗೆ ತಳ್ಳುತ್ತೆ, ಮೆಲ್ಲಿಫೆರಾ (ಹೊರದೇಶದಿಂದ ತಂದು ಸಾಕೋ ಜೇನು ಜಾತಿ) ತಲೆ ಬಾಗಿಲ ಕಡೆ ಮಾಡಿ ಒಳಗಿನ ಗಾಳಿ ಹೊರಗೆ ಎಳೆಯುತ್ತೆ. ಎರಡಕ್ಕೂ ಒಂದು ದಾರಿ ಇರುತ್ತೆ, ಒಂದು ಲಯ ಇರುತ್ತೆ. ನಾವು ಮೇಲೆ ನಾಲ್ಕು ಕಡೆ ತೂತು ಕೊರೆದ್ರೆ ಆ ಲಯ ಕೆಡುತ್ತೆ. ಹೊರಗೆ 40 ಡಿಗ್ರಿ ಒಣ ಗಾಳಿ ಬೀಸ್ತಿರೋವಾಗ ಅದನ್ನ ಒಳಗೆ ಬಿಟ್ರೆ ತಂಪಾಗೋದೆಲ್ಲಿ ಬಂತು? ಇನ್ನೊಂದು, ಮೊಟ್ಟೆ ಒಡೆಯೋಕೆ ಕೋಶದಲ್ಲಿ ತೇವ ಬೇಕು, ತೇವಾಂಶ ಶೇಕಡಾ 50ಕ್ಕಿಂತ ಕೆಳಗಿಳಿದ್ರೆ ಮೊಟ್ಟೆ ಒಡೆಯಲ್ಲ. ನನ್ನ ಮೊದಲ ಪೆಟ್ಟಿಗೇಲಿ ಆ ಕೊನೆ ದಿನಗಳಲ್ಲಿ ಒಣಗಿ ಸುಕ್ಕಾಗಿದ್ದ ಮೊಟ್ಟೆ ನೋಡಿದಾಗ ಅದು ಗೊತ್ತಿರ್ಲಿಲ್ಲ.

ಗಾಳಿ ನಿಜವಾಗ್ಲೂ ತಡೆದಿದ್ಯಾ ಅಂತ ನೋಡೋದಾದ್ರೆ ಬಾಗಿಲಿಗೆ ಸತ್ತ ನೊಣ ಕಸ ಅಡ್ಡ ಕೂತಿದ್ಯಾ, ಮುಂದೆ ಹುಲ್ಲು ಬೆಳೆದಿದ್ಯಾ, ಒಳಮುಚ್ಚಳದ ತೂತಿಗೆ ಮೇಣ ಮೆತ್ತಿದಾವಾ, ಚಳಿಗೆ ಅಂತ ಹಾಕಿದ್ದ ಪಟ್ಟಿ ಇನ್ನೂ ಅಲ್ಲೇ ಇದ್ಯಾ. ಕೊನೇದು ನಗು ಬರೋ ವಿಷಯ, ಆದ್ರೆ ಎಷ್ಟೋ ಪೆಟ್ಟಿಗೇಲಿ ಅದೇ ಕಾರಣ. ಬಾಗಿಲು ಪೂರ್ತಿ ತೆರೀರಿ, ಜೇನುಕೋಣೇಲಿ ಒಂದು ಫ್ರೇಮ್ ಕಮ್ಮಿ ಮಾಡಿ ಮಧ್ಯೆ ಸಮನಾಗಿ ಸರಿಸಿ, ಅಷ್ಟು ಸಾಕು. ಹವೆ ತೇವ ಇರೋ ಕಡೆ ಒಳಮುಚ್ಚಳದಲ್ಲಿ ಜಾಲರಿ ಹಾಕಿದ ಒಂದು ಮೇಲ್ಗಿಂಡಿ ಇದ್ರೆ ಒಳ್ಳೇದೇ, ಆದ್ರೆ ಜಾಲರಿ ಇರ್ಲೇಬೇಕು.

ಲಕ್ಷಣ: ಬಾಗಿಲಿಂದ ಜೇನು ಸೋರ್ತಿದೆ

ಇದು ಎಮರ್ಜೆನ್ಸಿ. ರೊಟ್ಟು ಜಾರಿದೆ. ಹೊಸ ಬಿಳಿ ರೊಟ್ಟು ಮೊದಲು ಹೋಗುತ್ತೆ, ಮರಿ ಹುಟ್ಟಿ ಹುಟ್ಟಿ ಕಂದಾದ ಹಳೇ ರೊಟ್ಟು ಗಟ್ಟಿ. ಜೇನು ತುಂಬಿದ ದೊಡ್ಡ ಫ್ರೇಮ್ ಎರಡೂವರೆ ಮೂರು ಕೆಜಿ ತೂಗುತ್ತೆ, ಒಂದು ಬಿದ್ರೆ ಪಕ್ಕದ್ದನ್ನೂ ಎಳ್ಕೊಂಡು ಬೀಳುತ್ತೆ, ಜೇನಲ್ಲಿ ನೊಣ ಮುಳುಗ್ತವೆ, ಗಾಳಿ ದಾರಿ ಮುಚ್ಚುತ್ತೆ, ಇನ್ನಷ್ಟು ಬಿಸಿ ಏರುತ್ತೆ. ತಕ್ಷಣ ನೆರಳು ಮಾಡಿ, ಪೆಟ್ಟಿಗೆ ಹೊರಗೆ ಮತ್ತೆ ಸುತ್ತ ನೆಲಕ್ಕೆ ನೀರು ಹೊಯ್ಯಿರಿ, ಬಾಗಿಲ ಮುಂದೆ ಸೋರಿದ ಜೇನು ತೊಳೀರಿ ಇಲ್ಲಾಂದ್ರೆ ಕಳ್ಳರು ಮುತ್ತುತ್ತಾರೆ. ಪೆಟ್ಟಿಗೆ ಅಲ್ಲಾಡಿಸ್ಬೇಡಿ, ಬಿಸಿಲಲ್ಲಿ ತೆಗೀಬೇಡಿ, ಮೆತ್ತಗಾದ ಉಳಿದ ರೊಟ್ಟೂ ಕೈಗೆ ಬರುತ್ತೆ. ಸಂಜೆ ತಂಪಾದ ಮೇಲೆ ತೆಗೆದು ಬಿದ್ದಿರೋದನ್ನ ಮುಚ್ಚಳ ಇರೋ ಪಾತ್ರೆಗೆ ಹಾಕಿ, ಮರಿ ಇರೋ ತುಂಡು ಸಿಕ್ಕಿದ್ರೆ ಖಾಲಿ ಫ್ರೇಮಿಗೆ ದಾರದಲ್ಲೋ ಬಾಳೆನಾರಲ್ಲೋ ಕಟ್ಟಿ, ರಾಣಿ ಬದುಕಿದಾಳಾ ನೋಡಿ, ಅಡಿಮಣೆ ಒರೆಸಿ ಮುಚ್ಚಿ.

ಇನ್ನು ಮುಂದೆ ಬೇಸಿಗೆ ತಪಾಸಣೆ ಎಲ್ಲಾ ಬೆಳಿಗ್ಗೆ ಎಂಟೂವರೆ ಒಳಗೆ, ಫ್ರೇಮ್ ಎತ್ತಿದ್ರೆ ನೆಟ್ಟಗೇ ಹಿಡೀರಿ, ಮಲಗಿಸಿ ನೋಡಿದ್ರೆ ಹಾಗೇ ಕಳಚಿ ಕಾಲ ಮೇಲೆ ಬೀಳುತ್ತೆ.

ಲಕ್ಷಣ: ಪೆಟ್ಟಿಗೆ ಮುಂದೆ ಸತ್ತ ನೊಣ, ಎಸೆದ ಮರಿ

ಎಲ್ಲದಕ್ಕೂ ಸೆಕೆ ಅಂತ ಹೇಳಿ ಕೈ ತೊಳ್ಕೋಬೇಡಿ. ಒಂದೆರಡು ದಿನದಲ್ಲಿ ದಿಢೀರ್ ರಾಶಿ ಬಿದ್ದು, ನಾಲಿಗೆ ಚಾಚಿ ಸತ್ತಿದ್ದು, ಬದುಕಿರೋವು ನಡುಗ್ತಾ ತೆವಳ್ತಿದ್ರೆ, ಅದೂ ಎಲ್ಲಾ ಪೆಟ್ಟಿಗೆ ಮುಂದೆ ಒಟ್ಟಿಗೇ ಆದ್ರೆ, ಹತ್ತಿರದಲ್ಲಿ ಯಾರೋ ಕೀಟನಾಶಕ ಹೊಡೆದಿದಾರೆ. ಕೋಶದೊಳಗೆ ತಲೆ ತೂರಿಸಿ ಸತ್ತಿದ್ರೆ ಹಸಿವು, ಹೂವಿಲ್ಲದ ಕಾಲ, ಸಂಜೆ ಹೊತ್ತು ಒಳಗೇ ಸಕ್ಕರೆ ಪಾಕ ತೆಳ್ಳಗೆ ಮಾಡಿ ಕೊಡಿ, ಹೊಟ್ಟೆಗಿಲ್ಲದ ನೊಣ ರೆಕ್ಕೆ ಬೀಸೋದು ಎಲ್ಲಿಂದ. ಒದ್ದೆ ಒದ್ದೆಯಾಗಿ ಕಪ್ಪಗೆ ಜಿಡ್ಡು ಹತ್ತಿದ ಹಾಗೆ ಸತ್ತಿದ್ರೆ ಅದು ಸೆಕೆ ಮತ್ತು ಉಸಿರುಗಟ್ಟಿದ್ದು, ಸಾಗಿಸೋವಾಗ ಬಾಗಿಲು ಪೂರ್ತಿ ಮುಚ್ಚಿದ ಪೆಟ್ಟಿಗೇಲಿ ಹೀಗಾಗುತ್ತೆ, ಸಾಗಿಸೋದು ರಾತ್ರಿ, ಜಾಲರಿ ಹಾಕಿ.

ಮರಿ ಎಸೆದಿದ್ರೆ ಒಂದನ್ನ ಎತ್ತಿ ನೋಡಿ. ನೀರಿನ ಚೀಲದ ಥರ ಜೋತಾಡಿದ್ರೆ ಸ್ಯಾಕ್‌ಬ್ರೂಡ್ ರೋಗ, ತುಡುವೆ ಸಾಕೋರಿಗೆ ಇದು ದೊಡ್ಡ ಹೊಡೆತ, ನೆರಳು ಮಾಡಿದ್ರೆ ಹೋಗಲ್ಲ. ರೊಟ್ಟಲ್ಲಿ ಗೆರೆ ಎಳೆದ ಹಾಗೆ ಮುಚ್ಚಳ ಇಲ್ಲದ ಮರಿ ಸಾಲು, ರೇಷ್ಮೆ ಥರ ಬಲೆ ಇದ್ರೆ ಮೇಣದ ಹುಳ, ಬಿಸಿಗೆ ಅದೂ ಬೇಗ ಬೆಳೆಯುತ್ತೆ. ರೆಕ್ಕೆ ಮುದುರಿದ ನೊಣ ಇದ್ರೆ ಸೆಕೆ ಇರಬಹುದು, ವರೋವಾ ನುಸಿ (ನೊಣ, ಮರಿಗಳ ಮೈಗೆ ಅಂಟೋ ಪರಾವಲಂಬಿ) ತರೋ ವೈರಸ್ಸೂ ಇರಬಹುದು, ಮೆಲ್ಲಿಫೆರಾ ಆದ್ರೆ ನುಸಿ ಎಣಿಸಿಯೇ ಮುಂದೆ ಹೋಗಿ. ಮರಿ ಮಧ್ಯದ ಥರ್ಮಾಮೀಟರ್ 35 ತೋರಿಸ್ತಿದ್ದೂ ರೆಕ್ಕೆ ಮುದುರಿದ್ರೆ ನುಸೀನೇ.

ಲಕ್ಷಣ: ಗಡ್ಡಾನೂ ಇಲ್ಲ, ಓಡಾಟಾನೂ ಕಮ್ಮಿ

ನನಗೆ ಹೆಚ್ಚು ಭಯ ಇದಕ್ಕೇ. ತುಡುವೆ ಬೇಸತ್ರೆ ಪೆಟ್ಟಿಗೆ ಬಿಟ್ಟು ಪರಾರಿ ಆಗುತ್ತೆ, ಹೇಳದೆ ಹೋಗುತ್ತೆ ಅಂತಾರೆ ಜನ, ಆದ್ರೆ ಸೂಚನೆ ಕೊಟ್ಟೇ ಹೋಗೋದು. ಪರಾಗ ತರೋದು ನಿಲ್ಲುತ್ತೆ, ರಾಣಿ ಮೊಟ್ಟೆ ಕಮ್ಮಿ ಮಾಡ್ತಾಳೆ, ಇದ್ದ ಜೇನು ತಿಂದು ಖಾಲಿ ಮಾಡ್ತವೆ, ಮುಚ್ಚಿದ ಮರಿ ಹುಟ್ಟಿ ಮುಗಿಯೋವರೆಗೆ ಕಾಯ್ತವೆ. ಮೊಟ್ಟೆ ಎಳೆಮರಿ ಎರಡೂ ಇಲ್ಲದೆ ಬರೀ ಮುಚ್ಚಿದ ಮರಿ ಮಾತ್ರ ಇದ್ರೆ ಸಮಯ ಹತ್ತಿರ ಬಂದಿದೆ. ಆಗ ಬೇರೆ ಕುಟುಂಬದಿಂದ ಎಳೆಮರಿ ಇರೋ ಒಂದು ಫ್ರೇಮ್ ಕೊಟ್ಟು, ಪಾಕ ಕೊಟ್ಟು, ನೆರಳು ನೀರು ಸರಿ ಮಾಡಿದ್ರೆ ಎಷ್ಟೋ ಸಲ ನಿಲ್ತವೆ.

ಜೊತೆಗೆ ಸ್ಟ್ಯಾಂಡಿನ ಕಾಲು ನೋಡಿ. ಇರುವೆ ಬರ್ದಿರ್ಲಿ ಅಂತ ಕಾಲಡಿ ಇಟ್ಟ ನೀರಿನ ಬಟ್ಟಲು ಬೇಸಿಗೆಲಿ ಒಂದೆರಡು ದಿನಕ್ಕೆ ಒಣಗುತ್ತೆ, ಪೆಟ್ಟಿಗೆ ಕಾದಿದೆ ಅಂತ ನಾವು ಮೇಲೆ ನೋಡ್ತಿರ್ತೀವಿ, ಕೆಳಗಿಂದ ರಾತ್ರಿ ಇರುವೆ ಹತ್ತಿರುತ್ತೆ. ಬಟ್ಟಲಿಗೆ ನೀರಿನ ಮೇಲೆ ಒಂದು ಪದರ ಹಳೇ ಎಣ್ಣೆ ಬಿಟ್ರೆ ಅಷ್ಟು ಬೇಗ ಒಣಗಲ್ಲ, ನೊಣ ಅದರಲ್ಲಿ ಬಿದ್ದು ಸಾಯದ ಹಾಗೆ ಮೇಲೊಂದು ತಗಡಿನ ಕೊಡೆ ಮಾಡಿ.

ಏನೇ ಬದಲಾಯಿಸಿದ್ರೂ ಒಂದು ಸಲಕ್ಕೆ ಒಂದೇ ಬದಲಾಯಿಸಿ, ಮಾರನೇ ದಿನ ಅದೇ ಎರಡು ಗಂಟೆಗೆ ಮೂರೂ ರೀಡಿಂಗ್ ಮತ್ತೆ ತಗೊಳ್ಳಿ. ನನ್ನ ಎರಡನೇ ವರ್ಷದ ಪೆಟ್ಟಿಗೇಲಿ ಚಾವಣಿ ಹಾಕಿದ ಮಾರನೇ ದಿನ ಮುಚ್ಚಳದ ಕೆಳಗೆ 49 ಇದ್ದದ್ದು 39ಕ್ಕೆ ಬಂತು, ಮರಿ ಮಧ್ಯೆ 35. ಗಡ್ಡ ಮಾತ್ರ ಇದ್ದ ಹಾಗೇ ಇತ್ತು, ಮಳೆ ಬರೋ ತನಕ ಪ್ರತಿ ಸಂಜೆ ಹೊರಗೆ ಬಂದು ಕೂರ್ತಿದ್ವು.